ಪಿಸ್ತೂಲಿನ ತಳದ ಕುಂಕುಮ

ಹೊಲಿಗೆ ಮೆಷಿನ್ನಿಗೆ ಎಣ್ಣೆ ಬಿಡುತ್ತಿದ್ದೆ. ಆ ತೆಳು ಎಣ್ಣೆಯ ವಾಸನೆ ಬಂದಾಗಲೆಲ್ಲ ನನಗೆ ನೆನಪಾಗುವುದು ಒಬ್ಬರೇ. ಮೊನ್ನೆ ಶುಕ್ರವಾರ ಬೆಳಿಗ್ಗೆಯೂ ಹಾಗೇ ಆಯಿತು. ಅಷ್ಟರಲ್ಲಿ ಯಜಮಾನರು ಗೇಟಿನಿಂದ ಒಳಗೆ ಬಂದು, "ಕೋವಿ ಅಂಗಡಿಯವ್ರು ಹೋಗ್ಬಿಟ್ರಂತೆ ಕಣೇ," ಎಂದರು. ನಾನು ಎಣ್ಣೆ ಡಬ್ಬಿಯ ಮುಚ್ಚಳ ತಿರುಗಿಸಿ ಪಕ್ಕಕ್ಕಿಟ್ಟೆ. ಅಯ್ಯೋ ಅನ್ನಲಿಲ್ಲ.

ಹೇರೋಹಳ್ಳಿಯಲ್ಲಿ ನಮ್ಮ ಬೀದಿಯದೇ ಕೊನೆಯ ಮನೆ ಅವರದು. ಮುಂದಿನ ಕೋಣೆಯೇ ಅಂಗಡಿ, ಅಲ್ಲಿ ಸದಾ ಇದೇ ಎಣ್ಣೆಯ ವಾಸನೆ. ಬಂದೂಕು, ಪಿಸ್ತೂಲು ರಿಪೇರಿ ಮಾಡಿ ಮಾರಲು ಸರ್ಕಾರದ ಲೈಸೆನ್ಸ್ ಇತ್ತು. ತಯಾರಿಕೆ ನಿಂತುಹೋದ ಜೇಬು ಪಿಸ್ತೂಲುಗಳೆಂದರೆ ಅವರಿಗೆ ಪ್ರಾಣ. ಮಾಡುವ ಕಂಪನಿಯೇ ಕೈಬಿಟ್ಟ ಮೇಲೆ ಸ್ಪ್ರಿಂಗು, ಪಿನ್ನು ಎಲ್ಲಿ ಸಿಗಬೇಕು? ಕೆಟ್ಟುಹೋದ ಒಂದರಿಂದ ಬಿಚ್ಚಿ ಇನ್ನೊಂದಕ್ಕೆ ಹಾಕಬೇಕು. ಒಂದು ಸಣ್ಣ ಭಾಗಕ್ಕಾಗಿ ವರ್ಷಗಟ್ಟಲೆ ಕಾಯುವ ತಾಳ್ಮೆ ಅವರಿಗಿತ್ತು. ಆ ತಾಳ್ಮೆಯನ್ನು ಮೊದಮೊದಲು ನಾನೂ ಮೆಚ್ಚಿದ್ದೆ...

ನಮ್ಮ ಮಾವನವರ ಹತ್ತಿರ ಅಂಥದೊಂದಿತ್ತು. ಅಂಗೈಯಲ್ಲಿ ಅಡಗುವಂಥ ಹೊರದೇಶದ ಪಿಸ್ತೂಲು. ರಾಗಿ ಹೊಲ ಸೈಟುಗಳಾಗಿ ಮನೆಯಲ್ಲಿ ಹಣ ಓಡಾಡತೊಡಗಿದಾಗ ಲೈಸೆನ್ಸ್ ಮಾಡಿಸಿ ಕೊಂಡದ್ದು. ಒಂದು ಸಲವೂ ಹಾರಿಸುವ ಸಂದರ್ಭ ಬರಲಿಲ್ಲ, ಅದು ದೇವರ ದಯೆ. ಆಯುಧಪೂಜೆಯ ದಿನ ಮಚ್ಚು, ಈಳಿಗೆಮಣೆ, ಸ್ಕೂಟರಿನ ಜೊತೆ ಅದಕ್ಕೂ ಪೂಜೆಯಾಗುತ್ತಿತ್ತು. ಕುಂಕುಮ ಕಬ್ಬಿಣವನ್ನು ತಿನ್ನುತ್ತದೆಂದು ಮಾವ ನಳಿಗೆಗೆ ಮುಟ್ಟಿಸಲು ಬಿಡುತ್ತಿರಲಿಲ್ಲ. ಗುಂಡು ತುಂಬುವ ಮ್ಯಾಗಜಿನ್ನಿನ ತಳದಲ್ಲಿ ಕಂಪನಿಯ ಅಕ್ಷರ ಕೊರೆದಿದ್ದ ಜಾಗವಿತ್ತಲ್ಲ, ಅಲ್ಲಿ ಹರಳೆಣ್ಣೆಯಲ್ಲಿ ಕಲಸಿದ ಕುಂಕುಮ ಇಡುವುದು ನನ್ನ ಕೆಲಸ. ವರ್ಷ ವರ್ಷ ಇಟ್ಟದ್ದು ಆ ಅಕ್ಷರಗಳೊಳಗೆ ಕಪ್ಪುಗೆಂಪಾಗಿ ಗಟ್ಟಿಯಾಗಿ ಕೂತಿತ್ತು.

ಚುನಾವಣೆ ಬಂದರೆ ಲೈಸೆನ್ಸಿನ ಆಯುಧ ಒಪ್ಪಿಸಬೇಕು. ಮಾವ ಠಾಣೆಯ ಬದಲು ಕೋವಿ ಅಂಗಡಿಯಲ್ಲೇ ಇಟ್ಟು, ಮುಗಿದ ಮೇಲೆ ತರುತ್ತಿದ್ದರು. ಹಾಗೆ ತಂದ ಒಂದು ವರ್ಷ, ಮಾವನಿಗೆ ಕೈ ನಡುಕ ಹೆಚ್ಚಾಗಿ ಇನ್ನು ಮಾರಿಬಿಡೋಣ ಎನಿಸಿತು. ಬೆಲೆ ಕಟ್ಟಲು ಅವರನ್ನೇ ಮನೆಗೆ ಕರೆದರು. ಅವರು ಕನ್ನಡಕ ಏರಿಸಿ, ಮ್ಯಾಗಜಿನ್ ಎಳೆದು ನೋಡಿ ಲೊಚಗುಟ್ಟಿದರು. ಪಿಸ್ತೂಲು ಅಸಲಿ, ಮ್ಯಾಗಜಿನ್ ನಕಲಿ. ಇಂಥವಕ್ಕೆ ಜೊತೆಯ ಮ್ಯಾಗಜಿನ್ ಇದ್ದರೇ ಬೆಲೆ, ಇಲ್ಲದಿದ್ದರೆ ಗುಜರಿ ಎಂದರು. ಆಮೇಲೆ ಯಾರ ಮುಖವನ್ನೂ ನೋಡದೆ, "ವರ್ಕ್‌ಶಾಪ್ ಕೆಲ್ಸ ಇದು ಗೌಡ್ರೇ. ಮನೇಲಿ ಯಾರಿಗೆ ಬರುತ್ತೆ ನೋಡ್ಕೊಳ್ಳಿ," ಎಂದರು.

ಬರುತ್ತಿದ್ದದ್ದು ನನ್ನ ತಮ್ಮನಿಗೆ. ರಾಜಾಜಿನಗರದ ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇತ್ ಓಡಿಸುತ್ತ ನಮ್ಮ ಮನೆಯಲ್ಲೇ ಇದ್ದ. ನಾನು ಮ್ಯಾಗಜಿನ್ ತಿರುಗಿಸಿ ನೋಡಿದೆ. ತಳದಲ್ಲಿ ಅಕ್ಷರವೂ ಇಲ್ಲ, ಕುಂಕುಮವೂ ಇಲ್ಲ. ಹಾಗೆಂದೆ. ಅಂದರೆ ಕಳೆದ ಆಯುಧಪೂಜೆ ಆದಮೇಲೆ ಬದಲಾಗಿದೆ ಅಂತಾಯಿತಲ್ಲ ಎಂದರು ಮಾವ. ತಮ್ಮ ನಮ್ಮಲ್ಲಿಗೆ ಬಂದದ್ದು ಆ ಪೂಜೆ ಆದಮೇಲೆಯೇ, ನನ್ನ ಮಾತೇ ಅವನ ಕೊರಳಿಗೆ ಬಿತ್ತು. ಚುನಾವಣೆಯಲ್ಲಿ ಇವರ ಹತ್ತಿರವೇ ಇತ್ತಲ್ಲ ಎಂದು ನಾನು ಬಾಯಿ ತೆರೆದರೆ, ಹಳೆಯ ಸ್ನೇಹಿತನ ಮೇಲೆ ಗೂಬೆ ಕೂರಿಸಬೇಡ ಎಂದು ಮಾವ ಗದರಿದರು. ಊಟಕ್ಕೆ ಕೂತಿದ್ದ ತಮ್ಮನನ್ನು ಎಬ್ಬಿಸಿದರು. ಅವನು ಕೈ ತೊಳೆದು, ಬಟ್ಟೆ ತುಂಬಿಕೊಂಡು ಕೆಂಗೇರಿಗೆ ಹೋದ.

ಆಮೇಲೆ ಎಷ್ಟೋ ಸಲ ಅವರು ಬೀದಿಯಲ್ಲಿ ಎದುರಾಗಿ, ಚೆನ್ನಾಗಿದೀಯೇನಮ್ಮ ಎಂದು ಕೇಳುತ್ತಿದ್ದರು. ನಾನು ಹೂಂ ಎಂದು, ದೇವರ ಮನೆಯಲ್ಲಿ ಬೇರೆಯದನ್ನು ಕೇಳಿಕೊಳ್ಳುತ್ತಿದ್ದೆ...

ಮಗಳ ಮದುವೆ ನಿಶ್ಚಯವಾಯಿತು. ಹೆಣ್ಣನ್ನು ಹಸೆಗೆ ಕರೆತರಬೇಕಾದವನು ಸೋದರಮಾವ. ಕಳ್ಳ ನನ್ನ ಚಪ್ಪರಕ್ಕೆ ಕಾಲಿಡಕೂಡದು ಎಂದರು ಮಾವ. ಆ ವರ್ಷದ ಆಯುಧಪೂಜೆಗೆ ಕೋವಿ ಅಂಗಡಿಯ ಮನೆಯಾಕೆ ಕುಂಕುಮಕ್ಕೆ ಕರೆದರು. ಹೋದೆ. ಬಿಳಿ ಬಟ್ಟೆಯ ಮೇಲೆ ಆಯುಧಗಳನ್ನೆಲ್ಲ ಜೋಡಿಸಿದ್ದರು. ಗಿರಾಕಿಯೊಬ್ಬರಿಗೆ ಅಂಗಡಿಯವರು ಒಂದು ಪುಟ್ಟ ಪಿಸ್ತೂಲು ತೋರಿಸುತ್ತಿದ್ದರು. ನಮ್ಮದರದೇ ಜಾತಿ. ಎಲ್ಲ ಭಾಗವೂ ಅಸಲಿ, ಇಂಥದು ಇಡೀ ಬೆಂಗಳೂರಲ್ಲಿ ಸಿಗದು ಎನ್ನುತ್ತ ಮ್ಯಾಗಜಿನ್ ಎಳೆದು ಬೋರಲು ಹಿಡಿದರು. ತಳದ ಅಕ್ಷರಗಳಲ್ಲಿ ಕಪ್ಪುಗೆಂಪು.

"ಅದು ನಾನಿಟ್ಟ ಕುಂಕುಮ," ಎಂದೆ. ಗಿರಾಕಿಗೂ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದೆ.

ಗಿರಾಕಿ ಪಿಸ್ತೂಲು ಕೆಳಗಿಟ್ಟು ಹೊರಟರು. ಮನೆಯಾಕೆ ಅರಿಶಿನದ ತಟ್ಟೆ ಹಿಡಿದು ನಿಂತೇ ಇದ್ದರು. ಅಂಗಡಿಯವರು ತಲೆ ಎತ್ತದೆ, "ಪೂಜೆ ಕುಂಕುಮ ಅಲ್ವೇನಮ್ಮ... ಒರ್ಸೋಕೆ ಕೈ ಬರ್ಲಿಲ್ಲ," ಎಂದರು.

ಕದಿಯಲು ಬಂದ ಕೈ. ನನ್ನ ತಮ್ಮನನ್ನು ತೋರಿಸಲು ಬಂದ ಕೈ. ಕುಂಕುಮ ಒರೆಸಲು ಮಾತ್ರ ಬರಲಿಲ್ಲವಂತೆ.

ಇವತ್ತೇ ಬಂದು ಮಾವನ ಮುಂದೆ ಹೇಳದಿದ್ದರೆ ಲೈಸೆನ್ಸ್ ಕೊಟ್ಟವರ ಮುಂದೆ ನಾನೇ ಹೇಳುತ್ತೇನೆ ಎಂದು ಬಂದೆ. ಸಂಜೆ ಬಂದರು. ಕುರ್ಚಿ ಹಾಕಲಿಲ್ಲ, ಕಾಫಿ ಕೇಳಲಿಲ್ಲ. ನಿಂತುಕೊಂಡೇ ಹೇಳಿದರು. ಮಾವನ ಕಿವಿ ಮಂದ, ಇನ್ನೊಮ್ಮೆ ಹೇಳಿ ಎಂದೆ. ಮೊದಲ ಸಲವೇ ಮಾವನಿಗೆ ಕೇಳಿಸಿತ್ತು, ಅದು ನನಗೆ ಗೊತ್ತಿತ್ತು. ಆ ಎರಡನೆಯ ಸಲದ ಅವರ ದನಿ ನೆನೆದರೆ ಇವತ್ತಿಗೂ ಮನಸ್ಸು ತಣ್ಣಗಾಗುತ್ತದೆ.

ಮಾವ ಕೆಂಗೇರಿಗೆ ತಾವೇ ಹೋಗಿ ಕರೆದರು. ತಮ್ಮ ಬಂದ, ಮಗಳ ಕೈ ಹಿಡಿದು ಹಸೆಗೆ ಕರೆತಂದ. ಅಷ್ಟಾದರೂ ದೇವರು ನಡೆಸಿಕೊಟ್ಟ. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಅವನಿರಲಿಲ್ಲ. ಈಗ ಮಾವ ಇಲ್ಲ. ತಮ್ಮ ಪ್ರತಿ ಗೌರಿ ಹಬ್ಬಕ್ಕೆ ಬಾಗಿನ ತರುತ್ತಾನೆ, ಗೇಟಿನಲ್ಲೇ ನಿಂತು ಕೊಡುತ್ತಾನೆ. ನೀರು ಕೊಟ್ಟರೆ, "ಬೇಡ ಬಿಡಕ್ಕ, ಈಗ್ತಾನೇ ಕುಡ್ದೆ," ಎನ್ನುತ್ತಾನೆ. ನನ್ನ ಮನೆಯಲ್ಲಿ ಅವನ ತಟ್ಟೆ ಹಾಗೇ ಇದೆ...

ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎನ್ನುತ್ತಾರೆ. ನಾನು ಇಟ್ಟುಕೊಂಡಿದ್ದೇನೆ. ಒಮ್ಮೆ ಮುಖ ನೋಡಿ ಬಾ ಎಂದು ಯಜಮಾನರು ಮೊನ್ನೆ ಕರೆದರು. ಬರುವುದಿಲ್ಲ ಎಂದು ಅಡುಗೆಮನೆಗೆ ಎದ್ದೆ. ಅವರು ಹಿಂದೆಯೇ ಬಂದು, "ಬೀದೀಲಿ ಹೆಣ ಎತ್ತೋ ತನಕ ಒಲೆ ಹಚ್ಬಾರ್ದು ಕಣೇ," ಎಂದರು. ಆ ಪದ್ಧತಿಯನ್ನು ನಾನು ಮದುವೆಯಾಗಿ ಬಂದಾಗಿನಿಂದ ಒಂದು ಸಲವೂ ಮೀರಿದವಳಲ್ಲ.

ಅಕ್ಕಿ ತೊಳೆದು ಕುಕ್ಕರಿಗೆ ಹಾಕಿದೆ. ದೇವರ ಪಟಕ್ಕೆ ಕೈ ಮುಗಿದು ಒಲೆ ಹಚ್ಚಿದೆ.