ಅಂಜನಮ್ಮನ ವಾಸನೆ ನೀರು

ಬೆಳಗಿನ ಐದೂವರೆ. ಆಲ್ದೂರಿನಿಂದ ನಾಲ್ಕು ಮೈಲಿ ಒಳಗಿರುವ ಎಸ್ಟೇಟಿನ ಕೂಲಿ ಲೈನಿನಲ್ಲಿ, ಅಂದರೆ ಆಳುಗಳ ಮನೆಸಾಲಿನಲ್ಲಿ, ಒಲೆಗಳು ಇನ್ನೂ ಹೊತ್ತಿಲ್ಲ. ಬಾವಿಕಟ್ಟೆಯ ಮೇಲೆ ಮಾತ್ರ ಲಾಟೀನು ಉರಿಯುತ್ತಿದೆ. ಐವತ್ತರ ಆಸುಪಾಸಿನ ಅಂಜನಮ್ಮ ಸೆರಗನ್ನು ಮೂಗಿಗೆ ಬಿಗಿದುಕೊಂಡು ಬಕೆಟ್ಟಿನಲ್ಲಿ ಬ್ಲೀಚಿಂಗ್ ಪುಡಿ ಕಲಸುತ್ತಿದ್ದಾರೆ. ಬಿಳಿ ಗಸಿ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಬಾವಿಗೆ ಬಿಡುತ್ತಾರೆ. ಆಮೇಲೆ ಅರ್ಧ ಗಂಟೆ ಯಾರೂ ಕೊಡ ಇಳಿಸುವಂತಿಲ್ಲ. ಇಳಿಸಲು ಹೋಗಿ ಅವರ ಬಾಯಿಗೆ ಸಿಕ್ಕವರ ಕಥೆ ಮುಗಿಯಿತು.

ಹೊತ್ತಾದ ಮೇಲೆ ಮೊದಲ ಕೊಡ ಸೇದಿ, ಎಲ್ಲರೆದುರು ಒಂದು ಚೊಂಬು ತಾವೇ ಕುಡಿಯುತ್ತಾರೆ. ನಲವತ್ತೆರಡು ಮನೆಯವರು ಅದನ್ನು ನೋಡಿದ ಮೇಲೆಯೇ ನೀರು ಹಿಡಿಯುವುದು. ಈ ಕೆಲಸಕ್ಕೆ ಬೇರೆ ಸಂಬಳವೇನೂ ಇಲ್ಲ. ಎಂಟಕ್ಕೆ ಎಲ್ಲರ ಹಾಗೆ ತೋಟಕ್ಕೆ ಇಳಿಯಬೇಕು. ಮೊದಮೊದಲು ಲೈನಿನವರು 'ಡಾಕ್ಟರಮ್ಮ ಬಂದ್ರು' ಎಂದು ಕಿಚಾಯಿಸುತ್ತಿದ್ದರಂತೆ.

ನಾಲ್ಕು ವರ್ಷದ ಹಿಂದೆ, ೧೯೭೫ರ ಮಳೆಗಾಲದಲ್ಲಿ, ದೇಶ ದೇಶ ಸುತ್ತುತ್ತಿದ್ದ ಕಾಲರಾ ಈ ಲೈನಿಗೂ ಕಾಲಿಟ್ಟಿತ್ತು. ಆರೋಗ್ಯ ಇಲಾಖೆಯವರು ಬಾವಿಗೆ ಔಷಧಿ ಹಾಕಿ, ಇದನ್ನೇ ಕುಡಿಯಿರಿ ಎಂದು ಹೇಳಿ ಹೋದರು. ಆ ವಾಸನೆ ಯಾರಿಗೆ ಹಿಡಿಸಬೇಕು? ಅರ್ಧಕ್ಕರ್ಧ ಜನ ಕುಡಿಯುವ ನೀರಿಗೆ ಸದ್ದಿಲ್ಲದೆ ಹಳ್ಳದ ದಾರಿ ಹಿಡಿದರು. ಇಪ್ಪತ್ತಾರು ಮಂದಿ ಹಾಸಿಗೆ ಹಿಡಿದರು, ಏಳು ಮಂದಿ ಏಳಲೇ ಇಲ್ಲ.

ಅಂಜನಮ್ಮ ಬಾವಿ ನೀರನ್ನು ಬಿಟ್ಟವರಲ್ಲ. ಆದರೆ ಆ ದಿನಗಳಲ್ಲೇ, ಅಕ್ಕನಿಗೆ ಏನಾಯಿತೋ ಎಂದು ಗಾಬರಿಯಾಗಿ ತಂಗಿ ಭಾಗಮ್ಮ ಸಂಸೆಯಿಂದ ಬಂದಳು. ಬಂದವರಿಗೆ ಬೆಲ್ಲ, ನೀರು ಕೊಡದೆ ಮಾತು ಶುರುವಾಗುವುದುಂಟೇ?

"ನಾವಾದ್ರೆ ವಾಸನೆ ನೀರು ಕುಡೀತೀವಿ. ಅಷ್ಟು ದೂರದಿಂದ ಬಂದವ್ಳಿಗೆ ಅದನ್ನ ಹೆಂಗೆ ಕೊಡೋದು ಅಂತ ಹಳ್ಳಕ್ಕೋಗಿ ತಂದೆ, ಮಾರಾಯ್ರೆ. 'ನೀರು ಎಷ್ಟು ಚೆನ್ನಾಗೈತಕ್ಕ' ಅಂತ ಇನ್ನೊಂದು ಲೋಟ ಕೇಳಿ ಕುಡಿದ್ಲು," ಎಂದರು ಅಂಜನಮ್ಮ, ಅವರ ಕಥೆ ಬರೆದುಕೊಳ್ಳಲು ಹೋಗಿದ್ದ ನನಗೆ.

ಮೂರನೇ ದಿನ ಭಾಗಮ್ಮ ತೀರಿಕೊಂಡಳು. ಮರ್ಯಾದೆ ಮಾಡಲು ಹೋಗಿ ಹೀಗಾಯಿತಲ್ಲ! ತಿಥಿ ಮುಗಿದ ಮರುದಿನವೇ ಅಂಜನಮ್ಮ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ರೇವಣ್ಣನ ಬಳಿ ಹೋಗಿ, ಪುಡಿ ತರಿಸಿಕೊಡಿ, ಹಾಕುವುದು ನನಗಿರಲಿ ಎಂದರಂತೆ. ಅಂದಿನಿಂದ ಒಂದು ಬೆಳಗನ್ನೂ ತಪ್ಪಿಸಿಲ್ಲ. ಆಮೇಲಿನ ನಾಲ್ಕು ಮಳೆಗಾಲದಲ್ಲಿ ಲೈನಿನಲ್ಲಿ ಒಬ್ಬರಿಗೂ ಕಾಲರಾ ಬಂದಿಲ್ಲ.

ಭಾಗಮ್ಮನ ಮಗಳು ಮಾತ್ರ ಅಂದಿನಿಂದ ದೊಡ್ಡಮ್ಮನ ಮನೆ ಹೊಸಿಲು ತುಳಿದಿಲ್ಲ. ಕಾಗದ ಬರೆಸಿದರೂ ಉತ್ತರವಿಲ್ಲ.

ಅಷ್ಟರಲ್ಲಿ ನನ್ನ ಮುಂದೆಯೂ ಬೆಲ್ಲದ ಚೂರು, ಒಂದು ಲೋಟ ನೀರು ಬಂತು. ಎತ್ತಿದ ಕೂಡಲೇ ಔಷಧಿಯ ಘಾಟು ಮೂಗಿಗೆ ಬಡಿಯಿತು. ನಾನು ಮುಖ ಸಿಂಡರಿಸಿದ್ದು ಅವರ ಕಣ್ಣಿಗೆ ಬಿತ್ತು. ಲೋಟ ಖಾಲಿಯಾಗುವ ತನಕ ಎದುರಿಗೇ ನಿಂತಿದ್ದರು.

"ತಂಗಿ ಮಗ್ಳು ಬಂದ್ರೂ ಇದೇ ನೀರು ಕೊಡೋದು," ಎಂದರು. "ಮುಖ ಸಿಂಡರಿಸ್ಲಿ, ಬೈಲಿ. ಕುಡ್ದು ನೆಟ್ಟಗೆ ಮನೆಗೆ ವಾಪಸ್ ಹೋಗ್ತಾಳಲ್ಲ, ಅಷ್ಟು ಸಾಕು."