ಆಯುಧಪೂಜೆಯ ಕಾಯಿ, ಕದ್ದ ಕಾರು ರೇಸು

ಅರಸೀಕೆರೆಯ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ನಾನು ಸಹಾಯಕಿಯಾಗಿದ್ದೆ. ಪಾಠ ಹೇಳುವವರು ಬೇರೆ ಇದ್ದರು, ಅವರನ್ನು ಮಕ್ಕಳು ಮೇಡಂ ಎನ್ನುತ್ತಿದ್ದರು. ನಾನು ಬೀಗ ತೆಗೆಯುವವಳು, ಧೂಳು ಒರೆಸುವವಳು, ಮೌಸಿನ ಹೊಟ್ಟೆಯಿಂದ ರಬ್ಬರ್ ಗುಂಡು ತೆಗೆದು ತೊಳೆದು ಹಾಕುವವಳು, ಮತ್ತು ಬೈಯುವವಳು. ನನ್ನನ್ನು ಅಕ್ಕ ಎನ್ನುತ್ತಿದ್ದರು. ಬೈಯುವುದರಲ್ಲಿ ನನ್ನನ್ನು ಮೀರಿಸುವವರು ಆ ಕಾಲೇಜಿನಲ್ಲಿ ಯಾರೂ ಇರಲಿಲ್ಲ. ಇದನ್ನು ಜಂಬದಿಂದಲೇ ಬರೆಯುತ್ತಿದ್ದೇನೆ.

ಎರಡು ಸಾವಿರದ ಇಸವಿ ಕಳೆದು ಎರಡೋ ಮೂರೋ ವರ್ಷವಾಗಿತ್ತು. ಕಂಪ್ಯೂಟರೆಂದರೆ ಊರಿಗೇ ಭಯಭಕ್ತಿ. ನಮ್ಮ ಲ್ಯಾಬಂತೂ ಗರ್ಭಗುಡಿ. ಚಪ್ಪಲಿ ಹೊರಗೆ ಬಿಡಬೇಕು, ಕಿಟಕಿಗೆ ದಪ್ಪ ಪರದೆ, ಒಂದೊಂದು ಕಂಪ್ಯೂಟರಿಗೂ ನಾನೇ ಹೊಲಿದ ಹೂವಿನ ಬಟ್ಟೆಯ ಮುಸುಕು. ಬಾಗಿಲ ಮೇಲೆ ನನ್ನ ಕೈಬರಹದ ನೋಟಿಸು: "ಆಟ ಆಡತಕ್ಕದ್ದಲ್ಲ. ಫ್ಲಾಪಿ ತರತಕ್ಕದ್ದಲ್ಲ. ಯಾವುದನ್ನೂ ಕಾಪಿ ಮಾಡಿಕೊಂಡು ಹೋಗತಕ್ಕದ್ದಲ್ಲ. ಸಿಕ್ಕಿಬಿದ್ದವರಿಗೆ ಹಾಲ್ ಟಿಕೆಟ್ ಇಲ್ಲ." ಕೆಳಗೆ ಪ್ರಿನ್ಸಿಪಾಲರ ಸಹಿ ಇತ್ತು. ಸಹಿ ಅವರದಾದರೂ ಸಿಟ್ಟೆಲ್ಲ ನನ್ನದು.

ಆಟದ ಮೇಲೆ ನನಗೆ ಎಂಥ ದ್ವೇಷ ಅಂತೀರಿ! ಪ್ರತಿ ಶನಿವಾರ ಮಧ್ಯಾಹ್ನ ಒಂದೊಂದೇ ಕಂಪ್ಯೂಟರ್ ಮುಂದೆ ಕುಳಿತು, ಯಾರ ಹೆಸರಿನ ಹಿಂದೆ ಯಾವ ಆಟ ಅಡಗಿದೆ ಎಂದು ಹೇನು ಹೆಕ್ಕಿದ ಹಾಗೆ ಹೆಕ್ಕಿ ಅಳಿಸುತ್ತಿದ್ದೆ. ಸೋಮವಾರ ಅವೇ ಆಟಗಳು ಮತ್ತೆ ಹಾಜರು. ಅದರಲ್ಲೂ ಒಂದು ಕಾರು ರೇಸು ಇತ್ತು. ಎಷ್ಟು ಸಲ ಕೊಂದರೂ ಅದು ಸಾಯಲೊಲ್ಲದು. ಯಾರು ತರುತ್ತಾರೆ, ಎಲ್ಲಿ ಬಚ್ಚಿಡುತ್ತಾರೆ ಎಂದು ಪತ್ತೆ ಮಾಡಲು ಹೋಗಿ ಒಂದು ಸಲ ಪಾಪದ ಜವಾನನ ಮೇಲೂ ಹರಿಹಾಯ್ದೆ. ನನ್ನ ಸ್ಕ್ರೂಡ್ರೈವರ್ ಕೂಡ ಆಗಾಗ ಜಾಗ ಬದಲಿಸುತ್ತಿತ್ತು. ಅದನ್ನೂ ಅವನ ತಲೆಗೇ ಕಟ್ಟಿದೆ.

ಇಡೀ ಲ್ಯಾಬಿನಲ್ಲಿ ನಾನು ನಂಬಿದ್ದು ಒಬ್ಬಳನ್ನು ಮಾತ್ರ. ಕೊನೆಯ ವರ್ಷದ ಹುಡುಗಿ, ಜಾವಗಲ್‌ನಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ತಗ್ಗಿದ ದನಿ, ಕೈಯಲ್ಲಿ ಸದಾ ಒಂದು ಊಟದ ಡಬ್ಬಿಯ ಚೀಲ. ನಾನು ಊಟಕ್ಕೆ ಹೋಗುವಾಗ ಬೀಗದ ಕೈಯನ್ನು ಅವಳಿಗೇ ಕೊಟ್ಟು, "ಯಾರನ್ನೂ ಒಳಕ್ಕೆ ಬಿಡಬೇಡ ಕಣೇ" ಎಂದು ಹೇಳಿ ನೆಮ್ಮದಿಯಿಂದ ಹೋಗುತ್ತಿದ್ದೆ.

ಅವಳದು ಮೊದಲನೆಯ ತಂಡ. ನಮ್ಮ ಕಾಲೇಜಿನಿಂದ ಕಂಪ್ಯೂಟರ್ ಪದವಿ ಪಡೆಯಬೇಕಾಗಿದ್ದ ಮೊದಲ ಹದಿನೆಂಟು ಮಂದಿ. ಒಬ್ಬೊಬ್ಬರೂ ಒಂದೊಂದು ಪ್ರಾಜೆಕ್ಟ್ ಮಾಡಬೇಕಿತ್ತು. ಒಬ್ಬ ಹಾಲಿನ ಡೈರಿಯ ಲೆಕ್ಕಕ್ಕೆ, ಒಬ್ಬಳು ಬಸ್ಸಿನ ವೇಳಾಪಟ್ಟಿಗೆ, ಇನ್ನೊಬ್ಬ ಲೈಬ್ರರಿಯ ಪುಸ್ತಕಕ್ಕೆ, ಹೀಗೆ ತಿಂಗಳುಗಟ್ಟಲೆ ಕುಟ್ಟಿದ್ದರು. ಆ ಕುಟ್ಟಿದ್ದೆಲ್ಲ ಮೂಲೆಯಲ್ಲಿದ್ದ ಸರ್ವರ್ ಎಂಬ ದೊಡ್ಡ ಪೆಟ್ಟಿಗೆಯೊಳಗೆ, ಒಂದೇ ಫೋಲ್ಡರಿನಲ್ಲಿ ಇತ್ತು. ಬೇರೆಲ್ಲೂ ಇರಲಿಲ್ಲ. ಇರದ ಹಾಗೆ ನೋಡಿಕೊಂಡವಳು ನಾನೇ.

ದಸರಾ ಮುಗಿದ ವಾರಕ್ಕೆ ಯೂನಿವರ್ಸಿಟಿಯಿಂದ ಪರೀಕ್ಷಕರು ಬರುವವರಿದ್ದರು. ಅದಕ್ಕೇ ಆ ವರ್ಷ ಆಯುಧಪೂಜೆಯನ್ನು ಜೋರಾಗಿ ಮಾಡಬೇಕೆಂದು ನನಗೆ ಆಸೆ. ಮಾನಿಟರುಗಳಿಗೆಲ್ಲ ವಿಭೂತಿ, ಕುಂಕುಮ, ಚೆಂಡುಹೂ. ಸರ್ವರಿಗೆ ವಿಶೇಷ ಹಾರ. ಬಿಸಿಯಾಗುತ್ತದೆ ಎಂದು ಅದರ ಪಕ್ಕದ ತಗಡನ್ನು ಬಿಚ್ಚಿಟ್ಟಿದ್ದೆವು, ಹಾಗೇ ಬಿಟ್ಟೆವು. ಪ್ರಿನ್ಸಿಪಾಲರು ಮಂಗಳಾರತಿ ಮಾಡಿದರು. ಕಾಯಿ ನಾನು ತಂದಿದ್ದೆ, ನಮ್ಮ ತೋಟದ್ದು, ಅಲ್ಲಾಡಿಸಿದರೆ ಗುಳುಗುಳು ಅನ್ನುವಷ್ಟು ನೀರು ತುಂಬಿದ್ದು. ಹೊರಗೆ ಕಲ್ಲಿನ ಮೇಲೆ ಒಡೆಯಬಹುದಿತ್ತಲ್ಲ? ಇಲ್ಲ, ದೇವರ ಮುಂದೆಯೇ ಒಡೆಯಬೇಕೆಂದು ಸರ್ವರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಮಚ್ಚಿನ ಹಿಂಬದಿಯಿಂದ ಬಾರಿಸಿದೆ. ಕಾಯಿ ಸರಿಯಾಗಿ ಇಬ್ಭಾಗವಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನೀರು ಎತ್ತ ಹೋಯಿತೆಂದು ನೋಡಿದವಳು ನಾನೊಬ್ಬಳೇ. ಸೆರಗಿನಿಂದ ಕೈಗೆ ಸಿಕ್ಕಷ್ಟು ಒರೆಸಿ ಸುಮ್ಮನಾದೆ.

ರಜೆ ಮುಗಿಸಿ ಬಂದು ಸರ್ವರಿನ ಸ್ವಿಚ್ ಹಾಕಿದೆ. ಚಟ್ ಎಂದಿತು. ಸುಟ್ಟ ವಾಸನೆ ಬಂತು. ಹಾಸನದಿಂದ ರಿಪೇರಿಯವರು ಬಂದು ಟಾರ್ಚ್ ಬಿಟ್ಟು ನೋಡಿದರು.

"ಡಿಸ್ಕ್ ಸುಟ್ಟೋಗಿದೆ. ಒಳಗಿದ್ದದ್ದು ಯಾವ್ದೂ ವಾಪಸ್ ಬರಲ್ಲ" ಎಂದು, ತಲೆ ಕೆರೆದುಕೊಂಡು, "ಅಲ್ಲಾ, ಇದರೊಳಗೆ ಇರುವೆ ಯಾಕೆ ಸಾಲು ಹಿಡ್ದಿವೆ?" ಎಂದರು.

ನಾನು ಪರದೆ ಸರಿಮಾಡುವವಳ ಹಾಗೆ ಕಿಟಕಿಯ ಕಡೆ ತಿರುಗಿದೆ.

ಪ್ರಿನ್ಸಿಪಾಲರು ಕುರ್ಚಿಯಲ್ಲಿ ಕುಸಿದು ಕೂತರು. "ಸೋಮವಾರ ಪರೀಕ್ಷಕರು ಬರ್ತಾರೆ ಕಣ್ರೀ. ತೋರಿಸೋಕೆ ಏನೂ ಇಲ್ಲ ಅಂದ್ರೆ ಹದಿನೆಂಟಕ್ಕೆ ಹದಿನೆಂಟೂ ಫೇಲು. ಮುಂದಿನ ವರ್ಷ ಈ ಕೋರ್ಸಿಗೆ ಯಾರ್ರೀ ಸೇರ್ತಾರೆ?" ಆವತ್ತು ಗುರುವಾರ.

ಹದಿನೆಂಟು ಮಂದಿಯನ್ನೂ ಲ್ಯಾಬಿನಲ್ಲಿ ಕೂಡಿಸಿ ಕೇಳಿದೆ: "ಯಾರಾದರೂ ಕಾಪಿ ಮಾಡ್ಕೊಂಡು ಹೋಗಿದ್ರೆ ಹೇಳ್ರಪ್ಪಾ. ನಾನು ಏನೂ ಮಾಡಲ್ಲ." ಹೇಳುವುದಾದರೂ ಹೇಗೆ? ಮೂರು ವರ್ಷದಿಂದ ನನ್ನ ಬಾಯಿಗೆ ಬಲಿಯಾದವರು. ನನ್ನ ತಲೆಯ ಹಿಂದೆಯೇ ಆ ನೋಟಿಸು ನೇತಾಡುತ್ತಿತ್ತು. ಎಲ್ಲರ ಕಣ್ಣೂ ಅದರ ಮೇಲೇ.

ಆಗ ನನಗೇನನ್ನಿಸಿತೋ. ಹೋಗಿ ನೋಟಿಸನ್ನು ಕಿತ್ತು ಮುದುರಿ ಎಸೆದೆ. "ಕೇಳಿ ಇಲ್ಲಿ. ಸರ್ವರ್ ತಾನಾಗಿ ಸಾಯಲಿಲ್ಲ. ಕಾಯಿ ಒಡೆದವಳು ನಾನು. ನೀರು ಒಳಗೆ ಹೋಗಿದ್ದು ನೋಡಿಯೂ ಹೇಳದೆ ಬಾಯಿ ಮುಚ್ಚಿಕೊಂಡವಳು ನಾನು. ಫ್ಲಾಪಿ ತರಬೇಡಿ ಅಂದವಳೂ ನಾನೇ. ನಿಮ್ಮ ತಪ್ಪು ಎಷ್ಟೇ ಇರಲಿ, ನನ್ನದಕ್ಕಿಂತ ದೊಡ್ಡದಲ್ಲ." ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟೆ. ಬೈಯುವ ಹೆಂಗಸು ಅಳುವುದನ್ನು ಅವರು ನೋಡಿರಲಿಲ್ಲ, ಪಾಪ, ದಿಕ್ಕೆಟ್ಟು ಕೂತುಬಿಟ್ಟರು.

ಮೊದಲನೆಯ ಬೆಂಚಿನಿಂದ ಜಾವಗಲ್ ಹುಡುಗಿ ಎದ್ದು ನಿಂತಳು.

"ಅಕ್ಕ, ನಾನು ತಗಂಡೋಗಿದೀನಿ."

"ನೀನಾ!"

"ಹೂಂ. ನಮ್ಮ ಮಾವನ ಅಂಗಡಿ ಹಾರ್ಡ್ ಡಿಸ್ಕ್ ತಂದು, ನೀವು ಊಟಕ್ಕೆ ಹೋದಾಗ..."

"ಯಾತ್ರಲ್ಲಿ ತಂದೆ?"

ಅವಳು ಊಟದ ಡಬ್ಬಿಯ ಚೀಲವನ್ನು ಎತ್ತಿ ತೋರಿಸಿದಳು. ಟವೆಲ್ಲಿನಲ್ಲಿ ಸುತ್ತಿ, ಮೇಲೆ ಡಬ್ಬಿ ಇಟ್ಟುಕೊಂಡು, ಬಸ್ಸಿನಲ್ಲಿ ತೊಡೆಯ ಮೇಲೇ ಇಟ್ಟುಕೊಂಡು ಬರುತ್ತಿದ್ದಳಂತೆ. ಸ್ಕ್ರೂಡ್ರೈವರ್ ಜಾಗ ಬದಲಿಸುತ್ತಿದ್ದುದು ಆ ಡಿಸ್ಕನ್ನು ಪೆಟ್ಟಿಗೆಗೆ ಜೋಡಿಸಲು ಎಂದು ಆಗ ತಿಳಿಯಿತು. ಜವಾನನಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಅವಳಿಗೆ ಬೇಕಾಗಿದ್ದುದು ಪ್ರಾಜೆಕ್ಟುಗಳೇನಲ್ಲ, ಕಾರು ರೇಸು. "ನೀವು ಶನಿವಾರ ಎಲ್ಲಾ ಕಡೆ ಹುಡುಕಿ ಅಳಿಸ್ತಿದ್ರಿ. ಆದ್ರೆ ಪ್ರಾಜೆಕ್ಟ್ ಫೋಲ್ಡರ್ ಮಾತ್ರ ಮುಟ್ತಿರ್ಲಿಲ್ಲ. ಅದಕ್ಕೇ ಆಟನ ಅದರೊಳಗೇ ಇಟ್ಟಿದ್ವಿ ಅಕ್ಕ. ಪೂಜೆ ಹಿಂದಿನ ದಿನ ಮಾವನ ಅಂಗಡಿಗೆ ತಗಂಡೋದೆ. ಆರಿಸೋಕೆ ಟೈಮಿರ್ಲಿಲ್ಲ, ನೀವು ಬಂದುಬಿಡ್ತೀರಿ ಅಂತ ಹೆದ್ರಿಕೆ. ಇಡೀ ಫೋಲ್ಡರ್ ಎತ್ತಾಕ್ಕಂಡೆ."

ಆ ಹುಡುಗಿಯ ಕೆನ್ನೆಗೆ ಬಾರಿಸಲೋ, ಅಪ್ಪಿ ಮುದ್ದಾಡಲೋ ತಿಳಿಯಲಿಲ್ಲ. ಕೈ ಹಿಡಿದು ಬಸ್ ಸ್ಟ್ಯಾಂಡಿಗೆ ಓಡಿದೆ.

ಜಾವಗಲ್‌ನಲ್ಲಿ ಅವಳ ಮಾವನದು ಜೆರಾಕ್ಸ್, ಟೈಪಿಂಗ್ ಎರಡೂ ಇರುವ ಸಣ್ಣ ಅಂಗಡಿ. ನಾವು ಏದುಸಿರು ಬಿಡುತ್ತಾ ವಿಷಯ ಹೇಳಿದೆವು.

"ಅಯ್ಯೋ, ಅವಾ? ಪಂಚಾಯ್ತಿ ಪಟ್ಟಿ ಟೈಪ್ ಮಾಡಕ್ಕೆ ಜಾಗ ಸಾಲ್ದು ಅಂತ ಬೆಳಿಗ್ಗೆ ಅಳಿಸ್ಬುಟ್ನಲ್ಲವ್ವ!" ಎಂದರು ಅವರು. ನನ್ನ ಮುಖ ನೋಡಿ ಗಾಬರಿಯಾಗಿ, "ಕಾರು ರೇಸ್ ಐತೆ. ಅದನ್ನ ಅಳಿಸಿಲ್ಲ. ಬೇಕಾ?" ಎಂದರು.

ಬೇಕಾ ಅಂತೆ! ಅಲ್ಲೇ ಅವರ ಸ್ಟೂಲಿನ ಮೇಲೆ ಕೂತು ತಲೆಯ ಮೇಲೆ ಕೈ ಹೊತ್ತೆ. ಹುಡುಗಿ ಮಾವನ ಜೊತೆ ಜಗಳಕ್ಕೇ ನಿಂತಳು. ನನ್ನೆದುರು ಅವಳ ದನಿ ಅಷ್ಟು ಮೇಲೇರಿದ್ದನ್ನು ಕೇಳಿದ್ದು ಅದೇ ಮೊದಲು. ಆಮೇಲೆ ಅವರು ಜ್ಞಾಪಿಸಿಕೊಂಡು ಹೇಳಿದರು: ಹಳೇಬೀಡಿನ ಫೋಟೊ ಸ್ಟುಡಿಯೋದವರು ಹಬ್ಬದ ದಿನ ಬಂದು, ಆಟ ಬೇಕೆಂದು ತಮ್ಮ ಡಿಸ್ಕಿಗೆ ಎಲ್ಲವನ್ನೂ ತುಂಬಿಕೊಂಡು ಹೋಗಿದ್ದರು. ಬೆಳಿಗ್ಗೆ ಅಳಿಸುವುದಕ್ಕೆ ಮುಂಚಿನ ಮಾತು ಅದು.

ಹಳೇಬೀಡಿನ ಬಸ್ಸು ಹತ್ತಿದೆವು. ಅರ್ಧ ಗಂಟೆಯ ದಾರಿ. ಅಷ್ಟರಲ್ಲಿ ಅವರೂ ಅಳಿಸಿದ್ದರೆ ಎಂಬ ಯೋಚನೆ ನನ್ನನ್ನು ಹುರಿದು ತಿಂದಿತು. ಸ್ಟುಡಿಯೋದ ಬಾಗಿಲಲ್ಲೇ ಕಾರು ಕಿರುಗುಟ್ಟುವ ಸದ್ದು ಕೇಳಿಸಿತು. ಒಳಗೆ ಒಂದೇ ಸ್ಟೂಲಿನ ಮೇಲೆ ಮೂರು ಮಕ್ಕಳು ಅಂಟಿಕೊಂಡು ಕೂತು ಕಾರು ಓಡಿಸುತ್ತಿದ್ದವು. ಜೀವನದಲ್ಲಿ ಮೊದಲ ಸಲ ನನಗೆ ಆ ಸದ್ದು ಇಂಪಾಗಿ ಕೇಳಿತು.

"ಸ್ವಾಮಿ, ಆ ಆಟದ ಜೊತೆ ಬೇರೆ ಫೈಲುಗಳು ಬಂದಿದ್ವಲ್ಲ, ಅವು ಇವೆಯಾ?"

ಸ್ಟುಡಿಯೋದವರು ಸಂಕೋಚದಿಂದ ನಕ್ಕರು. "ಏನೇನೋ ಅವೆ ಮೇಡಂ. ಯಾವ್ದು ತೆಗುದ್ರೆ ಕಾರು ನಿಂತೋಯ್ತದೋ ಅಂತ ಹೆದ್ರಿ ಒಂದನ್ನೂ ಮುಟ್ಟಿಲ್ಲ."

ಹುಡುಗಿ ಮಕ್ಕಳನ್ನು ಸರಿಸಿ ಫೋಲ್ಡರ್ ತೆರೆದಳು. ನಾನು ಪರದೆಗೆ ಬೆರಳಿಟ್ಟು ಎಣಿಸಿದೆ. ಡೈರಿ, ಬಸ್ಸು, ಲೈಬ್ರರಿ. ಹತ್ತು. ಹದಿನಾಲ್ಕು. ಹದಿನೆಂಟು! ಮತ್ತೊಂದು ಸಲ ಎಣಿಸಿದೆ. ಹದಿನೆಂಟೇ! ನಾನು ಹೋ ಎಂದು ಕೂಗಿದ್ದಕ್ಕೆ ಪಕ್ಕದ ಹೋಟೆಲಿನವರು ಇಣುಕಿ ನೋಡಿದರು. ಮಕ್ಕಳಿಗೆ ಏನು ಅರ್ಥವಾಯಿತೋ, ಅವೂ ಕೂಗಿದವು.

ಸ್ಟುಡಿಯೋದಲ್ಲಿ ಮದುವೆ ಫೋಟೊಗಳನ್ನು ಸಿಡಿಗೆ ಹಾಕಿಕೊಡುತ್ತಿದ್ದರು. ನಮ್ಮ ಫೋಲ್ಡರನ್ನೂ ಎರಡು ಸಿಡಿಗೆ ಹಾಕಿದರು. ಕವರು ಬೇರೆ ಇರಲಿಲ್ಲ. ಬಂಗಾರದ ಅಕ್ಷರದಲ್ಲಿ ಶುಭವಿವಾಹ ಎಂದು ಬರೆದ, ಗಣಪತಿಯ ಚಿತ್ರವಿದ್ದ ಕವರಿನಲ್ಲಿ ಹದಿನೆಂಟು ಮಂದಿಯ ಭವಿಷ್ಯ ಅರಸೀಕೆರೆಗೆ ಬಂತು. ಬಸ್ಸಿನಲ್ಲಿ ಒಂದು ಸಿಡಿ ಅವಳ ತೊಡೆಯ ಮೇಲೆ, ಇನ್ನೊಂದು ನನ್ನ ತೊಡೆಯ ಮೇಲೆ. ಒಂದು ಕಳೆದುಹೋದರೂ ಇನ್ನೊಂದು ಉಳಿಯಲಿ ಎಂದು ಅವಳೇ ಹಾಗೆ ಹಂಚಿದ್ದಳು.

ದಾರಿಯಲ್ಲಿ ಅವಳನ್ನು ಕೇಳಿದೆ, ಅಂಥದ್ದೇನಿದೆ ಆ ಆಟದಲ್ಲಿ ಎಂದು. "ಅಕ್ಕ, ಮೊದಲನೇ ವರ್ಷ ನಾನು ಮೌಸನ್ನ ಗಾಳೀಲಿ ಎತ್ತಿ ಹಿಡಿದಿದ್ದೆ, ನೆಪ್ಪೈತಾ? ನೀವು ಎಲ್ಲರ ಮುಂದೆ ಬೈದ್ರಿ. ಮುಟ್ಟಕ್ಕೇ ಹೆದ್ರಿಕೆ ಆಗೋಯ್ತು. ಆ ಹೆದ್ರಿಕೆ ಹೋಗಿದ್ದು ಆಟದಿಂದ" ಎಂದಳು. ಬೈದದ್ದು ನನಗೆ ನೆನಪೇ ಇರಲಿಲ್ಲ.

ಕಂಪ್ಯೂಟರನ್ನು ಗರ್ಭಗುಡಿಯಲ್ಲಿ ಕೂರಿಸಿ, ಮುಸುಕು ಹೊದಿಸಿ, ಮುಟ್ಟಬೇಡಿ ಎಂದು ಕಾದವಳು ನಾನು. ಅದನ್ನು ಕೊಂದವಳೂ ನಾನೇ. ಕದ್ದು ಮುಟ್ಟಿ, ಕದ್ದು ಆಡಿ, ಕದ್ದು ಹಂಚಿದವರು ಅದರೊಳಗಿದ್ದುದನ್ನು ಉಳಿಸಿದರು. ಹಾಗಂತ ಕದಿಯುವುದೇ ಸರಿ ಎಂದು ನಾನೇನೂ ಹೇಳುವುದಿಲ್ಲ. ಇನ್ನೊಬ್ಬರು ದುಡಿದು ಮಾಡಿ ಮಾರುವುದನ್ನು ಪುಕ್ಕಟೆ ಎತ್ತಿಕೊಂಡು ಬರುವುದು ಆಗಲೂ ಕಳ್ಳತನ, ಈಗಲೂ ಕಳ್ಳತನ. ಆ ಕಾರು ರೇಸು ಎಲ್ಲಿಂದ ಬಂದಿತ್ತೋ ಕೇಳುವ ಧೈರ್ಯ ನನಗಾಗಲಿಲ್ಲ. ಆದರೆ ನಾವೇ ಮಾಡಿದ್ದನ್ನು ನಾಲ್ಕು ಮನೆಯಲ್ಲಿ ಇಡದೆ ಒಂದೇ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದು ಶುದ್ಧ ದಡ್ಡತನ. ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಶುಕ್ರವಾರ ಪ್ರಿನ್ಸಿಪಾಲರ ಮುಂದೆ ಇಬ್ಬರೂ ನಿಂತೆವು. ನಾನು ಕಾಯಿಯ ವಿಷಯ ಹೇಳಿದೆ, ಅವಳು ಡಬ್ಬಿಯ ವಿಷಯ ಹೇಳಿದಳು. ನನ್ನ ಕೆಲಸ, ಅವಳ ಹಾಲ್ ಟಿಕೆಟ್ ಎರಡೂ ಅವರ ಮೇಜಿನ ಮೇಲಿದ್ದವು. ಅವರು ಶುಭವಿವಾಹದ ಕವರನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಮಂಗಳಾರತಿ ಮಾಡಿದವನು ನಾನು. ಚಪ್ಪಾಳೆ ತಟ್ಟಿದವನೂ ನಾನೇ" ಎಂದರು. "ಸೋಮವಾರ ಮುಗೀಲಿ, ನೋಡೋಣ."

ಸೋಮವಾರ ಬಂತು. ಪರೀಕ್ಷಕರು ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತರು. ಡೈರಿ ಲೆಕ್ಕ ಹಾಕಿತು, ಬಸ್ಸು ಹೊತ್ತಿಗೆ ಹೊರಟಿತು, ಪುಸ್ತಕಗಳು ಸಾಲಾಗಿ ನಿಂತವು. ಕೊನೆಯವಳು ಜಾವಗಲ್ ಹುಡುಗಿ. ಅವಳ ಬೆರಳುಗಳ ಓಟ ನೋಡಿ ಪರೀಕ್ಷಕರು, "ಎಲ್ಲಮ್ಮಾ ಕಲಿತೆ ಇಷ್ಟು ಚುರುಕಾಗಿ?" ಎಂದು ಕೇಳಿದರು. ಅವಳು ನನ್ನ ಕಡೆ ನೋಡಿದಳು. ನಾನು ಸೆರಗು ಬಾಯಿಗೆ ಒತ್ತಿಕೊಂಡೆ. "ಇಲ್ಲೇ ಸಾರ್, ಲ್ಯಾಬಲ್ಲೇ" ಎಂದಳು. ಹದಿನೆಂಟಕ್ಕೆ ಹದಿನೆಂಟೂ ಪಾಸು! ಕಾಲೇಜಿನ ಅಂಗಳದಲ್ಲಿ ಹುಡುಗರು ಜವಾನನನ್ನು ಹೆಗಲ ಮೇಲೆ ಎತ್ತಿ ಕುಣಿಸಿದರು. ಅವನಿಗೆ ಯಾಕೆಂದೇ ಗೊತ್ತಿರಲಿಲ್ಲ. ಅವನ ಬಳಿ ಹೋಗಿ ಸ್ಕ್ರೂಡ್ರೈವರಿನ ತಪ್ಪು ಒಪ್ಪಿಕೊಂಡೆ.

ಮಾರನೆಯ ದಿನ ಪ್ರಿನ್ಸಿಪಾಲರು ನನ್ನನ್ನು ಕರೆಸಿದರು. "ಬಾಗಿಲು ಬೋಳಾಗಿದೆಯಲ್ರೀ. ಒಂದು ನೋಟಿಸು ಬರೀರಿ" ಎಂದು ಬಿಳಿಯ ಹಾಳೆ ಮುಂದಿಟ್ಟರು. ಏನು ಬರೆಯಬೇಕೆಂದು ಹೇಳಲಿಲ್ಲ. ನಾನು ಅಲ್ಲೇ ನಿಂತು, ದಪ್ಪ ಅಕ್ಷರದಲ್ಲಿ ಬರೆದೆ. ಅವರು ಓದಿ, ನಕ್ಕು, ಸಹಿ ಹಾಕಿದರು. ನಾನು ಲ್ಯಾಬ್ ಬಿಡುವವರೆಗೂ ಅದು ಆ ಬಾಗಿಲ ಮೇಲಿತ್ತು:

"ತನ್ನ ಕೆಲಸವನ್ನು ಕಾಪಿ ಮಾಡಿಕೊಳ್ಳದೆ ಯಾರೂ ಮನೆಗೆ ಹೋಗತಕ್ಕದ್ದಲ್ಲ. ಕಾಯಿಯನ್ನು ಹೊರಗಡೆ ಒಡೆಯತಕ್ಕದ್ದು."