ಇರುವೆ ಮುತ್ತಿದ ಮೊಗ್ಗು

ಯಾರೋ ಉಡುಗೊರೆ ಕೊಟ್ಟ ಸೋಪಿನ ಪೊಟ್ಟಣ ಬಿಚ್ಚಿದೆ. ಮೇಲೆ ದಪ್ಪನೆಯ ಕೆಂಪು ಹೂವಿನ ಚಿತ್ರ, ಕೆಳಗೆ ‘ಪಿಯೋನಿ’ ಎಂಬ ಹೆಸರು. ಚಿಕ್ಕಂದಿನಲ್ಲಿ ಪಕ್ಕದ ಮನೆಯಲ್ಲಿದ್ದ ಕಾಕುವಿನ ಮೇಲಿನ ಹಳೆಯ ಸಿಟ್ಟು ಮತ್ತೆ ನೆತ್ತಿಗೇರಿತು...

ಅರವತ್ತರ ದಶಕ, ದಾಂಡೇಲಿಯ ಕಾಗದದ ಗಿರಣಿ ಕ್ವಾರ್ಟರ್ಸು. ತಾಯ್ನಾಡಿಗೆ ಹೊರಟಿದ್ದ ವಿದೇಶಿ ಎಂಜಿನಿಯರ್ ಒಬ್ಬರ ಹೆಂಡತಿಯಿಂದ ಕಾಕು ಈ ಹೂವಿನ ಒಂದು ಗಡ್ಡೆ ಕೇಳಿ ಪಡೆದಿದ್ದರು. ನಮ್ಮ ಕಾನ್ವೆಂಟಿನ ಬಾಟನಿ ಸಿಸ್ಟರ್ ಅದರ ಜಾತಕವನ್ನೇ ಹೇಳಿದ್ದರು: ಯುರೋಪಿನ ಪಾದ್ರಿಗಳು ಮಠದ ತೋಟದಲ್ಲಿ ಔಷಧಿಗೆಂದು ಬೆಳೆಸಿದ ಹಳೆಯ ತಳಿ. ‘ವೆರಿ ಹಾರ್ಡಿ’, ಬಲು ಗಟ್ಟಿ ಜೀವ. ಹಿಮದಡಿ ಮಲಗಿ ಎದ್ದರೇ ಹೂ. ಬೇರೂರಿದರೆ ನೆಟ್ಟವರಿಗಿಂತ ಹೆಚ್ಚು ಬಾಳುತ್ತದೆ, ಕಿತ್ತು ಬೇರೆಡೆ ನೆಟ್ಟರೆ ಮಾತ್ರ ಮುನಿಸು.

ಹಿಮದ ಮಾತು ಕೇಳಿದ ಮೇಲೆ ಕಾಕುವನ್ನು ತಡೆಯುವವರಿಲ್ಲ. ಚಳಿಗಾಲದಲ್ಲಿ ಸೋಡಾ ಅಂಗಡಿಯ ಬರ್ಫವನ್ನು ಕಟ್ಟಿಗೆ ಹೊಟ್ಟಿನಲ್ಲಿ ಸುತ್ತಿ ತರಿಸಿ ಬುಡಕ್ಕೆ ಸುರಿಯುತ್ತಿದ್ದರು.

“ಬ್ಯಾಸಗ್ಯಾಗ ನನಗ ಒಂದ್ ಚೂರ ಕೊಟ್ಟಾಕಿ ಅಲ್ಲ, ಗಿಡಕ್ಕ ದಿನಾ ಬರ್ಫ!” ಎಂದು ಅವರ ಯಜಮಾನರ ಗೊಣಗಾಟ. ವರ್ಷವರ್ಷವೂ ಕೆಂಪು ಚಿಗುರು, ಹಸಿರೆಲೆ... ಅಷ್ಟೇ.

ಮೊದಲ ಹೂ ಈಶ್ವರನಿಗೆಂದು ಅವರ ಹರಕೆ. ನನಗೋ, ಅದು ಅರಳುವುದನ್ನೊಮ್ಮೆ ನೋಡಿದರೆ ಸಾಕಿತ್ತು. ಒಂದು ವರ್ಷ ಚಳಿ ಜೋರಾಗಿತ್ತು. ಶಿವರಾತ್ರಿಯ ಹೊತ್ತಿಗೆ ಒಂದೇ ಒಂದು ಮೊಗ್ಗು ಬಂತು. ಜ್ವರವೆಂದು ನಾನೂ ಕಾನ್ವೆಂಟಿನ ಹಾಸ್ಟೆಲ್ಲಿನಿಂದ ಮನೆಗೆ ಬಂದಿದ್ದೆ. ಪಿಯೋನಿ ಮೊಗ್ಗಿನಲ್ಲಿ ಸಿಹಿ ರಸ ಒಸರುತ್ತದೆ, ಇರುವೆಗಳು ಬಂದೇ ಬರುತ್ತವೆ. ಕಾಕು ಸೆರಗಿನಿಂದ ಒರೆಸುತ್ತ ಕೂತರು.

“ಇರುವಿ ಏನೂ ಮಾಡಂಗಿಲ್ರಿ ಕಾಕು. ನಾಕ ದಿನಾ ತಡೀರಿ, ಅರಳ್ತೈತಿ. ಪ್ಲೀಸ್...”

“ಅಲ್ಲೀಮಟ ದೇವ್ರ ಹೂವು ಇರುವಿ ಎಂಜಲಾಗ್ಲೇನು, ಕಾನ್ವೆಂಟ್ ಮೇಡಮ್ಮಾ? ಮಲ್ಲಿಗಿ ಮೊಗ್ಗ ಏರಸ್ತೇವಿಲ್ಲೋ? ಇದೂ ಹಂಗ.”

ಶಿವರಾತ್ರಿಯ ಬೆಳಿಗ್ಗೆ ಗಿಡ ಬೋಳು. ಒಳಗೆ ಕಾಕುವಿನ ದೇವರಮನೆಯಲ್ಲಿ, ಬಿಲ್ವಪತ್ರೆಯ ನಡುವೆ ಬಿಗಿದ ಮುಷ್ಟಿಯಂಥ ಮೊಗ್ಗು! ನಾನು ಅತ್ತೇ ಬಿಟ್ಟೆ.

“ಹೆಂಗ ಅರಳ್ತೈತಿ ಅಂತ ನೋಡಬೇಕ ಅನಸ್ಲಿಲ್ಲೇನ್ರಿ ನಿಮಗ?”

“ಅನಸ್ಲಿಲ್ಲ ಅಂತ ಯಾರ ಹೇಳ್ಯಾರ?” ಕಾಕು ನನ್ನತ್ತ ತಿರುಗಲಿಲ್ಲ. “ಮುಂದಿನ ವರ್ಷದ್ದು ನಮಗ.”

ಮುಂದಿನ ವರ್ಷಕ್ಕೆ ಯಜಮಾನರು ನಿವೃತ್ತರಾಗಿ ಕ್ವಾರ್ಟರ್ಸು ಬಿಡಬೇಕಾಯಿತು. ಕೀಳಬೇಡಿರೆಂದು ಕೈಮುಗಿದೆ. ಕೇಳಿದರೆ ತಾನೆ! “ನನ್ನ ಗಿಡಾ ನನ್ನ ಕೂಡ ಬರ್ತೈತಿ” ಎಂದು ಅಗೆದು ಹಳಿಯಾಳಕ್ಕೆ ಒಯ್ದರು. ಅಲ್ಲಿ ಎಲೆ ಬಂತು, ಮೊಗ್ಗು ಬರಲಿಲ್ಲ. ಹೋದಾಗೆಲ್ಲ ಅದೇ ಮಾತು, “ಮುಂದಿನ ವರ್ಷ ನೋಡ ತಂಗಿ...” ಹಾಗೆನ್ನುತ್ತಲೇ ಹೋಗಿಬಿಟ್ಟರು.

ಸೋಪನ್ನು ಮೂಸಿದೆ. ಆ ಹೂವಿನ ವಾಸನೆ ಇದೇ ಹೌದೋ ಅಲ್ಲವೋ, ನನಗೆ ತಿಳಿಯದು. ಕೇಳೋಣವೆಂದರೆ ಕಾಕು ಇಲ್ಲ. ಇದ್ದಿದ್ದರೂ ಅವರಿಗೂ ಗೊತ್ತಿರುತ್ತಿರಲಿಲ್ಲ.